ಅಮಾವಾಸ್ಯೆಗೊಮ್ಮೆ ಆಯಿಲ್ ಬದಲಿಸುವ ಪರಮೇಶಪ್ಪ

ಕುಶಾಲನಗರದಲ್ಲಿ ಚೀಲದ ಅಂಗಡಿ ಇಟ್ಟಿದ್ದ ಪರಮೇಶಪ್ಪನವರಿಗೆ ಗೋಣಿಚೀಲದ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಖಾಲಿ ಚೀಲವೊಂದನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಇದರೊಳಗೆ ಹಿಂದೆ ಕೂತಿದ್ದದ್ದು ಕಾಫಿಯೋ ಶುಂಠಿಯೋ ಕರಿಮೆಣಸೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದರು. ಲಾರಿಯ ವಿಷಯದಲ್ಲಿ ಮಾತ್ರ ಅವರ ತಿಳಿವಳಿಕೆ ಎರಡೇ ಎರಡು ಸಂಗತಿಗಳಿಗೆ ಸೀಮಿತವಾಗಿತ್ತು. ಒಂದು, ಹಾರನ್ ಎಲ್ಲಿದೆ ಎನ್ನುವುದು. ಇನ್ನೊಂದು, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಅಮಾವಾಸ್ಯೆಗೊಮ್ಮೆ ಬದಲಾಯಿಸಬೇಕು ಎನ್ನುವುದು.

ಇಷ್ಟು ಬಂಡವಾಳ ಇಟ್ಟುಕೊಂಡು ಅವರು ಹೋದ ವರ್ಷ ಹಾಸನದ ಬ್ರೋಕರ್ ಒಬ್ಬನ ಕೈಯಿಂದ ಒಂದು ಹಳೇ ಲಾರಿ ಕೊಂಡರು. ತಮ್ಮ ಚೀಲದಲ್ಲಿ ತುಂಬಿದ ಮಾಲು ತಮ್ಮದೇ ಗಾಡಿಯಲ್ಲಿ ಮಂಗಳೂರಿಗೆ ಇಳಿಯಬೇಕು ಎಂಬುದು ಅವರ ಬಹುಕಾಲದ ಆಸೆ. ಲಾರಿ ನೋಡಲು ಹೋದವರು ಅದರ ಮುಖಕ್ಕೆ ಬಳಿದ ಹಳದಿ ಬಣ್ಣ ನೋಡಿದರು, ಹಾರನ್ ಒತ್ತಿದರು, 'ಶಬ್ದವೇ ಇಲ್ಲ, ರೇಷ್ಮೆ ಹಾಗೆ ಓಡುತ್ತೆ' ಎಂದು ಬ್ರೋಕರ್ ಹೇಳಿದ್ದನ್ನು ಕೇಳಿ ಸಂತೋಷಪಟ್ಟು ಮನೆಗೆ ತಂದರು. ಓಡಿಸುವ ಕೆಲಸ ಡ್ರೈವರ್ ಪುಟ್ಟನದು. ಸಂಪಾಜೆ ಘಾಟಿಯ ತಿರುವುಗಳನ್ನೆಲ್ಲ ತನ್ನ ಮನೆಯ ಮೆಟ್ಟಿಲಿನ ಹಾಗೆ ಬಲ್ಲವನು ಪುಟ್ಟ.

ಹೀಗಿರುವಾಗ ಅವರ ಮಗಳು ಅಮೃತಾಳನ್ನು ನೋಡಲು ಕೊಡ್ಲಿಪೇಟೆಯಿಂದ ಜಯಪ್ಪನವರು ಬಂದರು. ಜಯಪ್ಪನವರೆಂದರೆ ಸಾಮಾನ್ಯರಲ್ಲ. ಲಾರಿ ಮಾಲೀಕರ ಸಂಘದ ಅಧ್ಯಕ್ಷರು. ಅವರ ಲಾರಿಗಳು ಒಂದರ ಹಿಂದೊಂದು ಹೊರಟರೆ ಎದುರಿಗೆ ಬಂದ ಬಸ್ಸಿನವನು ಎಂಜಿನ್ ಆರಿಸಿ ಬೀಡಿ ಹಚ್ಚುತ್ತಿದ್ದ. ಅವರ ಮಗ ನವೀನ್‌ಕುಮಾರನೂ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅಮೃತಾಳೂ ಒಬ್ಬರನ್ನೊಬ್ಬರು ಮೊದಲೇ ಒಪ್ಪಿಯಾಗಿತ್ತು. ಉಳಿದಿದ್ದದ್ದು ಅಪ್ಪಂದಿರು ಒಪ್ಪುವುದೊಂದೇ.

ಪರಮೇಶಪ್ಪನವರ ಹೆಂಡತಿ ಶಕುಂತಲಮ್ಮ ಬೆಳಿಗ್ಗೆಯಿಂದಲೇ ಎಚ್ಚರಿಸಿದ್ದರು. "ರೀ, ಅವರ ಮುಂದೆ ಲಾರಿ ವಿಷಯ ಎತ್ತಬೇಡಿ. ಚೀಲದ ವಿಷಯವನ್ನಂತೂ ಎತ್ತಲೇಬೇಡಿ. ಸುಮ್ನೆ ನಗ್ತಾ ಕೂತ್ಕೊಳಿ."

"ನಗೋದು ಎಷ್ಟು ಹೊತ್ತು?"

"ಅವರು ಹೋಗೋವರ್ಗೂ."

ಪರಮೇಶಪ್ಪನವರು ನಗುತ್ತಲೇ ಕೂತಿದ್ದರು. ಆದರೆ ಜಯಪ್ಪನವರು ಯಾಕೋ ಒಳಗೆ ಬರುವಾಗಲೇ ಸಪ್ಪಗಿದ್ದರು. ಅಂಗಳದಲ್ಲಿ ನಿಂತಿದ್ದ ಹಳದಿ ಲಾರಿಯನ್ನು ಒಂದು ಸುತ್ತು ಸುತ್ತಿ ಬಂದಿದ್ದರು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂದರೂ ಬಾಯಿಗೆ ಹೋಗಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದರು.

"ಪರಮೇಶಪ್ಪನೋರೆ, ನಿಮ್ಮ ಗಾಡಿಗೆ ಡಿಫರೆನ್ಷಿಯಲ್ ಆಯಿಲ್ಲು ಎಷ್ಟಕ್ಕೊಂದ್ಸಲ ಬದಲಾಯಿಸ್ತೀರಿ?"

ಡಿಫರೆನ್ಷಿಯಲ್ ಎಂದರೆ ಲಾರಿಯ ಒಂದು ಭಾಗವೋ, ಲಾರಿಗೆ ಬರುವ ಒಂದು ಕಾಯಿಲೆಯೋ ಎಂಬುದು ಪರಮೇಶಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಅಷ್ಟು ಲಾರಿಗಳ ಒಡೆಯ, ನಾಳೆ ಬೀಗರಾಗುವವರು, ಕೇಳುತ್ತಿದ್ದಾರೆ. ಬಾಗಿಲ ಹಿಂದೆ ಮಗಳು ನಿಂತಿದ್ದಾಳೆ. ಲಾರಿಯಲ್ಲಿ ಬದಲಾಯಿಸುವ ವಸ್ತು ಎಂದು ಅವರ ತಲೆಯಲ್ಲಿ ಇದ್ದದ್ದು ಒಂದೇ ಒಂದು. ಬಾಯಿ ತಾನೇ ತೆರೆದುಕೊಂಡಿತು.

"ಪ್ರತಿ ಅಮಾವಾಸ್ಯೆಗೆ."

ಜಯಪ್ಪನವರ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. "ಪ್ರತಿ... ಅಮಾವಾಸ್ಯೆಗೆ?"

"ತಪ್ಪಿಸೋದೇ ಇಲ್ಲ," ಎಂದರು ಪರಮೇಶಪ್ಪ. ಹೊರಟ ಮೇಲೆ ಪೂರ್ತಿ ಹೋಗಿಬಿಡುವುದು ಅವರ ಸ್ವಭಾವ. "ನಾನೇ ಎದುರು ನಿಂತು ಮಾಡಿಸ್ತೀನಿ. ಹಳೇದನ್ನ ಕಣ್ಣಾರೆ ನೋಡಿ, ಆಮೇಲೇ ಹೊಸದು."

"ಹಳೇದನ್ನ... ನೋಡಿದ್ದೀರಿ?"

"ನೋಡದೆ ಮತ್ತೆ?" ಎಂದು ಪರಮೇಶಪ್ಪನವರು ಒಣಗಿದ ನಿಂಬೆಹಣ್ಣನ್ನು ನೆನೆಸಿಕೊಂಡು ಮುಖ ಸಿಂಡರಿಸಿದರು.

ಜಯಪ್ಪನವರು ಲೋಟದ ನೀರು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಎದ್ದು ನಿಂತು, ತಮಗಿಂತ ಚಿಕ್ಕವರಾದ ಪರಮೇಶಪ್ಪನವರಿಗೆ ಎರಡೂ ಕೈ ಮುಗಿದು, "ಎಲ್ಲ ನೋಡಿನೂ ನಗ್ತಾ ಕೂತಿದ್ದೀರಲ್ಲ! ಇಂಥ ದೊಡ್ಡ ಮನಸ್ಸಿನವರ ಮನೆ ಸಂಬಂಧ ನಮ್ಮ ಪುಣ್ಯ. ನಮ್ಮ ಕಡೆಯಿಂದ ಒಪ್ಪಿಗೆ," ಎಂದುಬಿಟ್ಟರು.

ಅವರು ಹೋದ ಮೇಲೆ ಶಕುಂತಲಮ್ಮ ಗಂಡನನ್ನು ಸೋಜಿಗದಿಂದ ನೋಡಿದರು. "ಅಲ್ಲಾ ರೀ, ಎಣ್ಣೆ ಬದಲಾಯಿಸಿದ್ದಕ್ಕೆ ಇಷ್ಟು ಮರ್ಯಾದೆ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಲಾರಿ ಜನಕ್ಕೇ ಗೊತ್ತು ಅದರ ಬೆಲೆ," ಎಂದರು ಪರಮೇಶಪ್ಪ. ಅವರಿಗೂ ಗೊತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಲಾರಿ ಸ್ಟ್ಯಾಂಡಿನ ಪಕ್ಕದ ಪ್ರಸಾದನ ಟೀ ಅಂಗಡಿಗೆ ಅವರು ಹೋದಾಗ ಬೆಂಚಿನ ಮೇಲಿದ್ದ ಡ್ರೈವರುಗಳೆಲ್ಲ ಎದ್ದು ನಿಂತರು. ಪ್ರಸಾದನಂತೂ ಟೀಗೆ ಸಕ್ಕರೆ ಕೇಳದೆ ಹಾಕಿ, ಕೇಳದೆ ಕಲಕಿ, ಎರಡೂ ಕೈಯಲ್ಲಿ ಕೊಟ್ಟ. ಜಯಪ್ಪನವರು ರಾತ್ರಿಯೇ ಊರಿಗೆಲ್ಲ ಫೋನ್ ಮಾಡಿ ಪರಮೇಶಪ್ಪನಂಥ ಮಾಲೀಕ ಈ ಜಿಲ್ಲೆಯಲ್ಲಿ ಇನ್ನೊಬ್ಬ ಹುಟ್ಟಬೇಕು ಎಂದು ಹೇಳಿದ್ದರಂತೆ.

"ಅಣ್ಣಾ, ಪ್ರತಿ ಅಮಾವಾಸ್ಯೆಗಂತೆ?" ಎಂದು ಪ್ರಸಾದ ಪಿಸುಗುಟ್ಟಿದ, ದೇವಸ್ಥಾನದಲ್ಲಿ ಮಾತಾಡುವ ಹಾಗೆ.

ಪರಮೇಶಪ್ಪನವರು ಟೀ ಊದಿದರು. ಇಲ್ಲ ಎನ್ನಲು ಆಗಲೂ ಸಮಯವಿತ್ತು. ಆದರೆ ನಿಂತಿದ್ದವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು, ಮತ್ತು ಚೀಲದ ಅಂಗಡಿಯಲ್ಲಿ ಜೀವ ಸವೆಸಿದ ಮನುಷ್ಯನ ಬಾಯನ್ನು ಯಾರೂ ಅಲ್ಲಿಯವರೆಗೆ ಹಾಗೆ ನೋಡಿರಲಿಲ್ಲ.

"ಗಾಡಿ ಅಂದ್ರೆ ಮನೆ ಹಸು ಇದ್ದ ಹಾಗೆ," ಎಂದರು. "ನಾವು ನೋಡ್ಕೊಂಡ್ರೆ ಅದು ನೋಡ್ಕೊಳ್ಳುತ್ತೆ."

ಆ ಮಾತು ಸಂಜೆಯೊಳಗೆ ಎರಡು ಲಾರಿಗಳ ಹಿಂಭಾಗದಲ್ಲಿ ಬಣ್ಣದಲ್ಲಿ ಮೂಡಿತು. ಮುಂದಿನ ಅಮಾವಾಸ್ಯೆಗೆ ಪೇಟೆಯ ಅಂಗಡಿಗಳಲ್ಲಿ ಗೇರ್ ಆಯಿಲ್ ಮುಗಿದುಹೋಯಿತು. ಒಬ್ಬ ಟ್ರ್ಯಾಕ್ಟರಿನವನು ಪಿರಿಯಾಪಟ್ಟಣದಿಂದ ತರಿಸಿಕೊಂಡ. ಆಟೋದವನೊಬ್ಬ ಬಂದು ತನಗೂ ಅಮಾವಾಸ್ಯೆಯೇ ಬೇಕೋ ಹುಣ್ಣಿಮೆ ಸಾಕೋ ಎಂದು ವಿಚಾರಿಸಿದ. ಪರಮೇಶಪ್ಪನವರು ಕಣ್ಣು ಮುಚ್ಚಿ ಯೋಚಿಸಿ, "ಮೂರು ಚಕ್ರ ಅಲ್ವಾ? ಏಕಾದಶಿ ಸಾಕು," ಎಂದು ಕಳಿಸಿದರು.

ಇದನ್ನೆಲ್ಲ ನೋಡಿ ದಿಗಿಲುಬಿದ್ದವನು ಪುಟ್ಟನೊಬ್ಬನೇ.

"ಯಜಮಾನ್ರೇ, ನಾವು ಯಾವ ಅಮಾವಾಸ್ಯೆಗೆ ಬದಲಾಯಿಸಿದ್ವಿ?"

"ಮೆಲ್ಲಗೆ ಮಾತಾಡೋ."

"ತಂದ ಮೇಲೆ ಒಂದ್ಸಲನೂ ಆ ಬೋಲ್ಟೇ ಬಿಚ್ಚಿಲ್ಲ. ಹೇಳಿದ್ನಲ್ಲ ನಿಮ್ಗೆ, ಬಿಚ್ಚಿ ನೋಡೋಣ ಅಂತ. ಓಡ್ತಾ ಇದೆಯಲ್ಲ ಅಂದ್ರಿ."

ಪರಮೇಶಪ್ಪನವರು ಅತ್ತ ಇತ್ತ ನೋಡಿ ಕೆಳದನಿಯಲ್ಲಿ ಕೇಳಿದರು. "ಪುಟ್ಟಾ, ಆ ಡಿಫರೆನ್ಷಿಯಲ್ಲು... ಎಲ್ಲಿರುತ್ತೆ ಅದು?"

ಪುಟ್ಟ ಅವರನ್ನು ಲಾರಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಬಗ್ಗಿಸಿ ತೋರಿಸಿದ. ಹಿಂದಿನ ಚಕ್ರಗಳ ನಡುವೆ ಕಬ್ಬಿಣದ ಮಡಕೆಯೊಂದು ಜೋತಿತ್ತು. ಎಂಜಿನ್ನಿನ ಬಲ ಉದ್ದ ಕಂಬಿಯಲ್ಲಿ ಅಲ್ಲಿಗೆ ಬಂದು, ಒಳಗಿನ ಹಲ್ಲಿನ ಚಕ್ರಗಳಿಗೆ ಸಿಕ್ಕಿ, ಎರಡೂ ಕಡೆಯ ಚಕ್ರಗಳಿಗೆ ಹಂಚಿಹೋಗುತ್ತದೆ; ಆ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿರಬೇಕು; ದೊಡ್ಡ ಹಲ್ಲಿನ ಚಕ್ರಕ್ಕೆ ಕ್ರೌನ್ ಅನ್ನುತ್ತಾರೆ ಎಂದು ವಿವರಿಸಿದ. ಪರಮೇಶಪ್ಪನವರು ಆ ಮಡಕೆಗೆ ಕೈಮುಗಿದರು. ಅಷ್ಟೊತ್ತಿಗೆ ಅವರಿಗೆ ನಿಜವಾಗಿ ಭಯವಾಗಿತ್ತು.

"ಇವತ್ತೇ ಬದಲಾಯಿಸಿಬಿಡೋಣ. ಯಾರಿಗೂ ಗೊತ್ತಾಗ್ಬಾರ್ದು. ಆಮೇಲೆ ಹೇಳಿದ್ದೆಲ್ಲ ನಿಜ ಆಗುತ್ತೆ, ಸ್ವಲ್ಪ ತಡವಾಗಿ."

ಆ ಸಂಜೆ ಇಬ್ಬರೂ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಮಲಗಿದರು. ಕೆಳಗಿನ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪುಟ್ಟ ಸ್ಪ್ಯಾನರ್ ಹಿಡಿದ, ಪರಮೇಶಪ್ಪ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರು. ಬೋಲ್ಟು ಅಲುಗಲಿಲ್ಲ, ಅವರ ಪಂಚೆ ಅಲುಗಿತು. ಪಕ್ಕದ ಮನೆಯವರು ಮೊಬೈಲಿನಲ್ಲಿ ಫೋಟೋ ತೆಗೆದು, 'ನಮ್ಮ ಪರಮೇಶಪ್ಪನವರು, ಈ ವಯಸ್ಸಿನಲ್ಲೂ' ಎಂದು ಬಡಾವಣೆಯ ಗ್ರೂಪಿಗೆ ಹಾಕಿದರು. ಅದಕ್ಕೆ ಬಂದ ಕೈಮುಗಿದ ಚಿತ್ರಗಳಿಗೆ ಲೆಕ್ಕವಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಬಾಳೆಗೊನೆ ಹಿಡಿದುಕೊಂಡು ಇಳಿದ ಜಯಪ್ಪನವರು ಲಾರಿಯ ಕೆಳಗಿನ ದೃಶ್ಯ ನೋಡಿದ್ದೇ ಗೊನೆಯನ್ನು ಅಲ್ಲೇ ಬಿಟ್ಟು ಓಡಿಬಂದರು.

"ಬೀಗ್ರೇ! ಬೇಡ! ಬಿಚ್ಚಬೇಡಿ! ಜನ ನೋಡ್ತಾರೆ!"

ಪರಮೇಶಪ್ಪನವರು ಹೊರಗೆ ತೆವಳಿ ಬಂದರು. ಮುಖವೆಲ್ಲ ಗ್ರೀಸು. ಜಯಪ್ಪನವರು ಅವರನ್ನು ಚಪ್ಪರದ ಮೂಲೆಗೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡರು.

"ಬೀಗ್ರೇ, ನಮ್ಮಿಬ್ಬರ ನಡುವೆ ಮುಚ್ಚುಮರೆ ಯಾಕೆ? ವಿಷಯ ನಿಮಗೂ ಗೊತ್ತು, ನನಗೂ ಗೊತ್ತು."

ಪರಮೇಶಪ್ಪನವರು ಲಾರಿಯ ಕಡೆ ತಿರುಗಿ ನೋಡಿದರು. ತಾನು ಒಮ್ಮೆಯೂ ಎಣ್ಣೆ ಬದಲಾಯಿಸಿಲ್ಲ ಎಂಬುದು ಈ ಮನುಷ್ಯನಿಗೆ ಮೊದಲ ದಿನವೇ ಗೊತ್ತಾಗಿದೆ! ಗೊತ್ತಾಗಿಯೂ ಹೆಣ್ಣು ಒಪ್ಪಿದ್ದಾರೆ, ಊರಿಗೆಲ್ಲ ಹೊಗಳಿದ್ದಾರೆ.

"ನಿಮಗೆ... ಮೊದಲೇ ಗೊತ್ತಿತ್ತಾ?"

"ನನಗೆ ಗೊತ್ತಿಲ್ದೆ ಇರುತ್ತಾ?" ಜಯಪ್ಪನವರ ಕಣ್ಣು ತುಂಬಿತ್ತು. "ಆದ್ರೂ ನೀವು ಒಂದು ಮಾತು ಆಡ್ಲಿಲ್ಲ."

"ನಾನು ಏನಂತ ಆಡ್ಲಿ? ನೀವೇ ಆಡ್ಲಿಲ್ಲ."

"ನನಗೆ ನಾಚಿಕೆ ಬೀಗ್ರೇ."

"ನಿಮಗ್ಯಾಕೆ? ನನಗಲ್ವಾ ನಾಚಿಕೆ?"

"ನೋಡಿ, ಇದೇ! ಇದೇ ದೊಡ್ಡ ಮನಸ್ಸು!" ಎಂದು ಜಯಪ್ಪನವರು ಗ್ರೀಸನ್ನೂ ಲೆಕ್ಕಿಸದೆ ಅವರನ್ನು ತಬ್ಬಿಕೊಂಡರು. ಕಿಟಕಿಯಿಂದ ನೋಡುತ್ತಿದ್ದ ಶಕುಂತಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೀಗರು ಹೀಗೆ ಅಪ್ಪಿಕೊಂಡು ಅಳುವುದನ್ನು ಮದುವೆಯಾದ ಮೇಲೂ ಅವರು ಎಲ್ಲೂ ಕಂಡಿರಲಿಲ್ಲ. ಇದು ಮದುವೆಗೆ ಮುಂಚೆಯೇ.

ಬಿಚ್ಚಬೇಡಿ ಎಂದು ಬೀಗರೇ ಹೇಳಿದ ಮೇಲೆ ಬಿಚ್ಚುವುದು ಅಗೌರವ. ಸ್ಪ್ಯಾನರ್ ಒಳಗೆ ಹೋಯಿತು. ಲಾರಿ ಮತ್ತೆರಡು ಸಲ ಶುಂಠಿ ಹೇರಿಕೊಂಡು ಸಂಪಾಜೆ ಘಾಟಿ ಇಳಿದು ಬಂತು.

ವಿಷಯ ಅಲ್ಲಿಗೆ ನಿಲ್ಲುತ್ತಿತ್ತೇನೋ. ಆದರೆ ಆ ವರ್ಷ ಮೋಟಾರು ವಾಹನ ಇನ್‌ಸ್ಪೆಕ್ಟರಾಗಿ ಬೊಳ್ಳಮ್ಮ ಎಂಬುವರು ಬಂದಿದ್ದರು. ಶ್ರೀಮಂಗಲ ಕಡೆಯವರು, ಅಪ್ಪನ ತೋಟದ ಜೀಪಿನ ಕೆಳಗೇ ಬೆಳೆದವರು ಎಂದು ಜನ ಹೇಳುತ್ತಿದ್ದರು. ಅಮಾವಾಸ್ಯೆಯ ಸುದ್ದಿ ಅವರ ಕಚೇರಿಗೂ ಮುಟ್ಟಿತು. ರಸ್ತೆ ಸುರಕ್ಷತೆಯ ಕಾರ್ಯಕ್ರಮ ಹತ್ತಿರದಲ್ಲೇ ಇತ್ತು. ಪರಮೇಶಪ್ಪನವರಿಗೆ ಫೋನ್ ಬಂತು.

"ನೀವೇನಾ ಪರಮೇಶಪ್ಪ? ಎಂಥದ್ದು ಸಾರ್ ಇದು, ತಿಂಗಳಿಗೊಮ್ಮೆ ಡಿಫರೆನ್ಷಿಯಲ್ ಆಯಿಲ್? ನಾನು ಎಲ್ಲೂ ಕೇಳಿಲ್ಲ. ಭಾನುವಾರ ಗಾಡಿ ಮೈದಾನಕ್ಕೆ ತನ್ನಿ. ಎಲ್ಲ ಡ್ರೈವರ್‌ಗಳ ಎದುರು ಬೋಲ್ಟ್ ಬಿಚ್ಚಿ ತೋರಿಸುವ. ಅಷ್ಟು ಚಂದ ನೋಡಿಕೊಂಡ ಗಾಡಿಯ ಒಳಗೆ ಹೇಗಿರ್ತದೆ ಅಂತ ನಾಲ್ಕು ಜನ ನೋಡಲಿ."

ಪರಮೇಶಪ್ಪನವರು ಕುರ್ಚಿಯ ಮೇಲೆ ಕೂತರು. ಕುರ್ಚಿ ಇದ್ದದ್ದು ಸ್ವಲ್ಪ ಆಚೆಗೆ. ಶಕುಂತಲಮ್ಮ ಎಬ್ಬಿಸಿ ನೀರು ಕೊಟ್ಟರು. ಸುದ್ದಿ ಕೇಳಿದ ಜಯಪ್ಪನವರು ಕೊಡ್ಲಿಪೇಟೆಯಿಂದ ಏದುಸಿರು ಬಿಡುತ್ತ ಬಂದರು.

"ಗಾಡಿ ಲೋಡಿಗೆ ಹೋಗಿದೆ ಅನ್ನಿ ಬೀಗ್ರೇ."

"ಪ್ರಸಾದ ಆಗಲೇ ಅವರಿಗೆ ಹೇಳಿದ್ದಾನಂತೆ, ಇಲ್ಲೇ ನಿಂತಿದೆ ಅಂತ. ತೊಳೆದು ಹೂವಿನ ಹಾರನೂ ಹಾಕಿದ್ದಾನೆ."

"ಹಾಗಾದ್ರೆ ನನ್ನ ಹೊಸ ಲಾರಿ ಒಂದು ಕಳಿಸ್ತೀನಿ. ಹಳದಿ ಬಣ್ಣ ಹೊಡೆಸಿ, ನಂಬರ್ ಪ್ಲೇಟ್ ಮೇಲೆ ಒಂದು ಹಾರ ಇಳಿಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

ಪರಮೇಶಪ್ಪನವರು ನೆಲ ನೋಡಿದರು. "ಬೇಡ ಬೀಗ್ರೇ. ಈಗಿರೋ ಒಂದು ಸುಳ್ಳಿಗೇ ನನಗೆ ಅನ್ನ ಸೇರ್ತಾ ಇಲ್ಲ. ಇನ್ನೊಂದು ಮೇಲೆ ಹೇರೋಕೆ ನನ್ನ ಕೈಲಿ ಆಗಲ್ಲ. ಭಾನುವಾರ ಏನಾಗುತ್ತೋ ಆಗ್ಲಿ."

ಆ 'ಒಂದು ಸುಳ್ಳು' ಯಾವುದೆಂದು ಇಬ್ಬರೂ ಬೇರೆ ಬೇರೆ ತಿಳಿದುಕೊಂಡು, ಇಬ್ಬರೂ ತಲೆ ಬಗ್ಗಿಸಿ ಕೂತರು.

ಭಾನುವಾರ ಮೈದಾನ ತುಂಬಿತ್ತು. ಮಡಿಕೇರಿ, ಸೋಮವಾರಪೇಟೆ, ಪಿರಿಯಾಪಟ್ಟಣದ ಡ್ರೈವರುಗಳೆಲ್ಲ ಬಂದಿದ್ದರು. ವೇದಿಕೆಯ ಮೇಲೆ ಸಂಘದ ಅಧ್ಯಕ್ಷರಾಗಿ ಜಯಪ್ಪನವರು, ಜ್ವರ ಬಂದವರ ಹಾಗೆ ಶಾಲು ಹೊದ್ದು ಕೂತಿದ್ದರು. ಹಳದಿ ಲಾರಿ ಜನರಿಗೆ ಬೆನ್ನು ಹಾಕಿ, ಮರದ ದಿಮ್ಮಿಯ ಮಣೆ ಏರಿ, ಹಾರ ಧರಿಸಿ ನಿಂತಿತ್ತು. ಮಡಕೆಯ ಕೆಳಗೆ ಬೊಳ್ಳಮ್ಮನವರು ಒಂದು ದೊಡ್ಡ ಬೇಸಿನ್ ಇಡಿಸಿದ್ದರು.

ಅಮೃತಾ ತಾಯಿಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದ ಸಾಲಿನಲ್ಲಿ ನವೀನ್‌ಕುಮಾರ.

ಈ ಸಲ ಬೋಲ್ಟು ಬಿಚ್ಚಿತು. ಪುಟ್ಟ ಅದನ್ನು ಕೈಗೆ ತೆಗೆದುಕೊಂಡು ಈಚೆ ಸರಿದ. ಎಲ್ಲರೂ ಕತ್ತು ಉದ್ದ ಮಾಡಿದರು. ತೂತಿನಿಂದ ಏನೂ ಬರಲಿಲ್ಲ.

"ಏನೂ ಬೀಳ್ತಾ ಇಲ್ಲವಲ್ಲ?" ಎಂದರು ಬೊಳ್ಳಮ್ಮ.

"ಅಷ್ಟು ಶುದ್ಧ ಎಣ್ಣೆ ಮೇಡಂ," ಎಂದು ಪ್ರಸಾದ ಹಿಂದಿನಿಂದ ಕೂಗಿದ, "ಕಣ್ಣಿಗೇ ಕಾಣಲ್ಲ!"

ಜನ ಚಪ್ಪಾಳೆ ತಟ್ಟಿದರು. ಪುಟ್ಟ ಒಂದು ಕಂಬಿ ತಂದು ತೂತಿನಲ್ಲಿ ತಿವಿದ. ಒಳಗೆ ಏನೋ ಸಡಿಲವಾಯಿತು. ಪ್ಳಕ್ ಎಂದು ಕರಿಯ ಮುದ್ದೆಯೊಂದು ಬೇಸಿನ್ನಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ತಳ ಹಿಡಿದ ರಾಗಿ ಗಂಜಿಯಂಥ ಪದಾರ್ಥ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಇಳಿಯತೊಡಗಿತು. ಚಪ್ಪಾಳೆ ನಿಂತಿತು.

ಬೊಳ್ಳಮ್ಮನವರು ಮಂಡಿಯೂರಿ ಕೂತು ಅದನ್ನು ಬೆರಳಲ್ಲಿ ತಿಕ್ಕಿ, ಮೂಸಿದರು. ಮುದ್ದೆಯೊಳಗಿಂದ ಕಬ್ಬಿಣದ ಒಂದು ಚೂರು ಹೆಕ್ಕಿ ಬಿಸಿಲಿಗೆ ಹಿಡಿದರು. ಮುರಿದ ಹಲ್ಲು.

"ಮರದ ಹೊಟ್ಟು," ಎಂದರು. ಅವರ ದನಿ ಬದಲಾಗಿತ್ತು. "ಹಲ್ಲು ಸವೆದ ಗಾಡಿ ಊಳಿಡ್ತದೆ. ಮಾರುವವರು ಎಣ್ಣೆ ತೆಗೆದು ಗ್ರೀಸು, ಮರದ ಹೊಟ್ಟು ತುಂಬಿಸ್ತಾರೆ. ಆಗ ಶಬ್ದ ನಿಲ್ತದೆ, ಗಾಡಿ ಮಾರಿ ಹೋಗ್ತದೆ. ಒಳಗೆ ಹಲ್ಲು ಒಂದೊಂದೇ ಉದುರ್ತಾ ಇರ್ತದೆ. ಈ ಗಾಡಿ ಸಂಪಾಜೆ ಘಾಟಿ ಇಳಿಯುವುದಲ್ವಾ? ತುಂಬಿದ ಗಾಡಿ, ತಿರುವಿನಲ್ಲಿ ಈ ಕ್ರೌನ್ ಪೂರ್ತಿ ಒಡೆದು ಹಿಂದಿನ ಚಕ್ರ ಕಚ್ಚಿಕೊಂಡ್ರೆ? ಎಂಜಿನ್ನಿನ ಹಿಡಿತ ತಪ್ಪಿದ್ರೆ? ಯಾರು ಓಡಿಸುವುದು ಇದನ್ನು?"

"ನಾನು ಮೇಡಂ," ಎಂದ ಪುಟ್ಟ. ಬೋಲ್ಟು ಇನ್ನೂ ಅವನ ಕೈಯಲ್ಲೇ ಇತ್ತು.

"ಮಕ್ಕಳಿದ್ದಾರಾ?"

"ಇಬ್ಬರು."

ಬೊಳ್ಳಮ್ಮನವರು ಎದ್ದು ನಿಂತರು. "ಪರಮೇಶಪ್ಪನವರೇ, ಇದನ್ನು ನಿಮಗೆ ಮಾರಿದ್ದು ಯಾರು?"

ಪರಮೇಶಪ್ಪನವರು ತಲೆ ಎತ್ತಿ ವೇದಿಕೆಯ ಕಡೆ ನೋಡಿದರು. ಜಯಪ್ಪನವರು ಶಾಲನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಕಣ್ಣು ನೋಡಿದ ಕೂಡಲೇ ಪರಮೇಶಪ್ಪನವರಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಅಂಗಳದಲ್ಲಿ ಲಾರಿಯನ್ನು ಸುತ್ತಿದ್ದು. ಆ ಪ್ರಶ್ನೆ. ಬಿಚ್ಚಬೇಡಿ ಎಂದು ಓಡಿಬಂದಿದ್ದು. ಬ್ರೋಕರ್ ಮಾರಿದ ಈ ಲಾರಿ ಮೊದಲು ಯಾರದಾಗಿತ್ತು ಎಂಬುದು. ಇವರು ತನ್ನನ್ನು ಹೊಗಳಿದ್ದೆಲ್ಲ, ತಾನು ಒಳಗಿನ ಹೊಟ್ಟನ್ನು ನೋಡಿಯೂ ಬಾಯಿ ಬಿಡದ ಪುಣ್ಯಾತ್ಮ ಎಂದು ತಿಳಿದು.

ಒಂದು ಬೆರಳು ಎತ್ತಿ ತೋರಿಸಿದ್ದರೆ ಸಾಕಿತ್ತು. ಊರೆಲ್ಲ ಬೀಗರ ಮೇಲೆ ತಿರುಗುತ್ತಿತ್ತು, ಅಮಾವಾಸ್ಯೆಯ ಸುಳ್ಳು ಗದ್ದಲದಲ್ಲಿ ಕೊಚ್ಚಿಹೋಗುತ್ತಿತ್ತು. ಪರಮೇಶಪ್ಪನವರು ಪಕ್ಕದಲ್ಲಿ ನಿಂತಿದ್ದ ಪುಟ್ಟನನ್ನು ನೋಡಿದರು. ಆಮೇಲೆ ಮೈಕಿನ ಹತ್ತಿರ ಹೋದರು.

"ನಾನು ಹೇಳಿದ್ದು ಸುಳ್ಳು," ಎಂದರು. "ಈ ಗಾಡಿಗೆ ನಾನು ಒಂದ್ಸಲನೂ ಎಣ್ಣೆ ಬದಲಾಯಿಸಿಲ್ಲ. ಅಮಾವಾಸ್ಯೆಗೆ ನಾನು ಬದಲಾಯಿಸೋದು ನಿಂಬೆಹಣ್ಣು. ಎಣ್ಣೆ ಎಲ್ಲಿ ಹಾಕ್ತಾರೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ಹೆಣ್ಣು ನೋಡೋಕೆ ಬಂದವರ ಮುಂದೆ ಜಂಭಕ್ಕೆ ಹೇಳಿದೆ. ನೀವೆಲ್ಲ ಎದ್ದು ನಿಂತ್ರಿ, ನನಗೆ ಕೂರೋಕೆ ಮನಸ್ಸಾಗ್ಲಿಲ್ಲ."

ಮೈದಾನದಲ್ಲಿ ಎಲ್ಲಿಂದಲೋ ಒಬ್ಬ ನಕ್ಕ. ನಗು ಗಾಳಿಗೆ ಸಿಕ್ಕ ಬೆಂಕಿಯ ಹಾಗೆ ಹಬ್ಬಿತು. ಪರಮೇಶಪ್ಪನವರು ಅದು ಮುಗಿಯುವವರೆಗೆ ಕಾದರು.

"ನಗಿ. ಆದ್ರೆ ಕೇಳಿ. ಹಳೇ ಚೀಲ ಕೊಳ್ಳುವಾಗ ನಾನು ಒಳಗಡೆ ತಿರುವಿ ನೋಡ್ದೆ ಒಂದನ್ನೂ ತಗೊಂಡವನಲ್ಲ. ಲಾರಿ ಕೊಳ್ಳುವಾಗ ಬರೀ ಬಣ್ಣ ನೋಡ್ದೆ. ಪುಟ್ಟ ಹೇಳ್ದ, ಬಿಚ್ಚಿ ನೋಡೋಣ ಅಂತ. ನಾನು ಕೇಳ್ಲಿಲ್ಲ. ಅವನನ್ನ ಆ ಘಾಟಿ ಇಳಿಸಿದ್ದು ನಾನು. ತಪ್ಪು ನನ್ನದು, ಬರ್ಕೊಳ್ಳಿ ಮೇಡಂ."

"ಅದು ಸರಿ," ಎಂದರು ಬೊಳ್ಳಮ್ಮ. "ಆದರೆ ನಾನು ಕೇಳಿದ್ದು ಬೇರೆ. ಮಾರಿದ್ದು ಯಾರು?"

"ಬ್ರೋಕರ್ ಕೈಯಿಂದ ತಗೊಂಡೆ. ಅದಕ್ಕಿಂತ ಹಿಂದಿನದು ನಾನು ವಿಚಾರಿಸ್ಲಿಲ್ಲ," ಎಂದರು ಪರಮೇಶಪ್ಪ. ಅದು ನಿಜವೇ ಆಗಿತ್ತು. ವೇದಿಕೆಯ ಕಡೆ ಅವರು ಮತ್ತೆ ತಿರುಗಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಜಯಪ್ಪನವರು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ವೇದಿಕೆಯಿಂದ ಇಳಿದು, ಜನರ ನಡುವೆ ನಡೆದು, ನೇರವಾಗಿ ಪುಟ್ಟನ ಎದುರು ಬಂದು ನಿಂತರು.

"ಗಾಡಿ ನನ್ನದಾಗಿತ್ತು," ಎಂದರು. "ಹೊಟ್ಟು ತುಂಬಿಸಿದ್ದು ನಾನೇ. ಯಾರೋ ದೂರದವರು ಕೊಳ್ತಾರೆ, ಹೇಗೋ ಆಗುತ್ತೆ ಅಂದ್ಕೊಂಡೆ. ನನ್ನ ಡ್ರೈವರ್ ಈ ಗಾಡಿ ಹತ್ತಲ್ಲ ಅಂದಿದ್ದ. ಅದಕ್ಕೇ ಮಾರಿದ್ದು. ಬೇರೆಯವರ ಡ್ರೈವರೂ ಮನುಷ್ಯ ಅಂತ ನನಗೆ ಹೊಳೀಲಿಲ್ಲ. ಅಧ್ಯಕ್ಷ ಅಂತ ಬೇರೆ ಮೇಲೆ ಕೂತಿದ್ದೀನಿ."

ಪುಟ್ಟ ಬೋಲ್ಟನ್ನು ಅವರ ಕೈಗೆ ಕೊಟ್ಟುಬಿಟ್ಟ. ಜಯಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಡ್ರೈವರ್ ಕೈ ಎತ್ತಿದ. "ಮೇಡಂ, ಹಾಗಾದ್ರೆ ನಿಜವಾಗಿ ಎಷ್ಟಕ್ಕೊಂದ್ಸಲ ಬದಲಾಯಿಸ್ಬೇಕು?"

ಬೊಳ್ಳಮ್ಮನವರಿಗೂ ಅಷ್ಟೊತ್ತಿಗೆ ನಗು ಬಂದಿತ್ತು. "ಅಮಾವಾಸ್ಯೆಗೆ ಬೇಡ ಮಾರಾಯ್ರೇ, ಎಣ್ಣೆ ವ್ಯರ್ಥ. ಗಾಡಿಯ ಜೊತೆ ಕಂಪನಿಯವರು ಕೊಡುವ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಅಂತ ಇರ್ತದೆ, ಒಂದೊಂದು ಗಾಡಿಗೆ ಒಂದೊಂದು. ಅದು ಬಯಲು ರಸ್ತೆಯ ಲೆಕ್ಕ. ಲೋಡು ಹಾಕಿ ಘಾಟಿ ಹತ್ತಿ ಇಳಿಯುವ ನಮ್ಮಂಥವರು ಅದಕ್ಕಿಂತ ತುಂಬ ಮೊದಲೇ ಮಾಡ್ಬೇಕು. ಸರ್ವಿಸ್ ಮಾಡುವಾಗೆಲ್ಲ ಮಟ್ಟ ನೋಡಿ. ಹೊಳೆ ದಾಟಿ ನೀರು ಹೋಗಿದ್ರೆ, ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದ್ರೆ, ಆ ಕೂಡಲೇ ಬದಲಾಯಿಸಿ. ಹಳೇ ಗಾಡಿ ಕೊಂಡವರು ಮನೆಗೆ ತರುವ ಮೊದಲೇ ಬಿಚ್ಚಿ ನೋಡಿ." ಸ್ವಲ್ಪ ತಡೆದು ಸೇರಿಸಿದರು. "ಆ ಕೊನೆಯದು ಪರಮೇಶಪ್ಪನವರು ಹೇಳಿದ್ದು. ನನ್ನ ಭಾಷಣಕ್ಕಿಂತ ಅವರದ್ದೇ ಚೆನ್ನಾಗಿತ್ತು."

ಆ ದಿನ ಮೈದಾನದಿಂದ ಹೋದವರು ನಾಚಿಕೊಂಡು ಹೋದರೋ ಕಲಿತುಕೊಂಡು ಹೋದರೋ, ಮರುದಿನದಿಂದ ಪೇಟೆಯ ವರ್ಕ್‌ಶಾಪುಗಳಲ್ಲಿ ಹಳೇ ಗಾಡಿಗಳ ಬೋಲ್ಟು ಬಿಚ್ಚಿಸುವವರ ಸಾಲು ಹತ್ತಿತು. ಇನ್ನೂ ಎರಡು ಗಾಡಿಗಳಲ್ಲಿ ಹೊಟ್ಟು ಸಿಕ್ಕಿತು. ಬೊಳ್ಳಮ್ಮನವರು ಹಳದಿ ಲಾರಿಯನ್ನು ರಿಪೇರಿಯಾಗುವವರೆಗೆ ರಸ್ತೆಗೆ ಇಳಿಸಕೂಡದೆಂದು ಆಜ್ಞೆ ಮಾಡಿದರು. ಜಯಪ್ಪನವರು ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟರು. ಸಂಘದವರು ಅದನ್ನು ತಿರಸ್ಕರಿಸಿ, ತಪ್ಪು ಒಪ್ಪಿಕೊಳ್ಳುವ ಧೈರ್ಯ ಇರುವ ಅಧ್ಯಕ್ಷರು ಸುಲಭಕ್ಕೆ ಸಿಗುವುದಿಲ್ಲ ಎಂದು ಹೇಳಿ ಕಳಿಸಿದರು.

ಆದರೆ ಮದುವೆ ಮಾತು ಅಲ್ಲಿಗೇ ನಿಂತಿತ್ತು. ಜಯಪ್ಪನವರಿಗೆ ಕುಶಾಲನಗರಕ್ಕೆ ಬರಲು ಮುಖವಿಲ್ಲ. ಪರಮೇಶಪ್ಪನವರಿಗೆ ಕೊಡ್ಲಿಪೇಟೆಗೆ ಹೋಗಲು ಮುಖವಿಲ್ಲ. ಕೊನೆಗೆ ನವೀನ್‌ಕುಮಾರ ಒಬ್ಬನೇ ಬೈಕಿನಲ್ಲಿ ಬಂದ. ಶಕುಂತಲಮ್ಮ ತಟ್ಟೆಗೆ ಉಪ್ಪಿಟ್ಟು ಹಾಕುವ ಮೊದಲೇ ಅಮೃತಾ ಕೇಳಿದಳು.

"ನಿಮ್ಮಪ್ಪ ಏನಂತಾರೆ?"

"ಇಂಥ ಮೋಸಗಾರನ ಮನೆಗೆ ಅವರು ಹೆಣ್ಣು ಕೊಡ್ತಾರಾ ಅಂತಾರೆ. ನಿಮ್ಮಪ್ಪ?"

"ಇಂಥ ಸುಳ್ಳುಗಾರನ ಮನೆಯಿಂದ ಅವರು ಹೆಣ್ಣು ತಗೊಳ್ತಾರಾ ಅಂತಾರೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಮೃತಾ ಒಳಕೋಣೆಯ ಕಡೆ ತಿರುಗಿ ದನಿ ಎತ್ತಿದಳು. "ಅಪ್ಪಾ, ಹೊರಗೆ ಬಾ. ಅಷ್ಟು ಜನರ ಎದುರು ನೀನು ನಿಂತಿದ್ದು ನೋಡಿ ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಅವರಪ್ಪ ವೇದಿಕೆ ಇಳಿದು ಪುಟ್ಟಣ್ಣನ ಎದುರು ಬಂದು ನಿಂತ್ರಲ್ಲ, ಅದಕ್ಕೂ ಅಷ್ಟೇ ಹೆಮ್ಮೆ ಆಯ್ತು. ಇನ್ನೂ ಏನು ಬೇಕು ನಿಮ್ಮಿಬ್ಬರಿಗೆ?"

"ಏನೂ ಬೇಡಮ್ಮ," ಎಂದು ಒಳಗಿನಿಂದ ಪರಮೇಶಪ್ಪನವರ ದನಿ ಬಂತು. "ಬೀಗ್ರಿಗೆ ಫೋನ್ ಮಾಡಿ ಕೊಡು."

ನಿಶ್ಚಿತಾರ್ಥದ ದಿನ ಕೊಡ್ಲಿಪೇಟೆಯವರು ತಾಂಬೂಲದ ತಟ್ಟೆಗಳನ್ನು ಸಾಲಾಗಿ ಹೊತ್ತುಕೊಂಡು ಬಂದರು. ಸೀರೆ, ಹಣ್ಣು, ಕೊಬ್ಬರಿ, ಹೂವು. ಎಲ್ಲಕ್ಕಿಂತ ಹಿಂದೆ ಜಯಪ್ಪನವರು ತಾವೇ ಒಂದು ದೊಡ್ಡ ತಟ್ಟೆ ಹಿಡಿದುಕೊಂಡು, ನಡು ಬಗ್ಗಿಸಿ, ಮುಖ ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. ತಟ್ಟೆಯ ಮೇಲೆ ರೇಷ್ಮೆ ವಸ್ತ್ರ ಮುಚ್ಚಿತ್ತು. ಮಂತ್ರ ಹೇಳಲು ಬಂದಿದ್ದ ಅಯ್ಯನೋರು ವಸ್ತ್ರ ಸರಿಸಿದರು. ಸುತ್ತ ಹಲ್ಲುಗಳಿರುವ, ಫಳಫಳ ಹೊಳೆಯುವ ಕಬ್ಬಿಣದ ಚಕ್ರವೊಂದು ವೀಳ್ಯದೆಲೆಗಳ ನಡುವೆ ಮಲಗಿತ್ತು.

"ಇದು ಯಾವ ಆಭರಣ?" ಎಂದರು ಅಯ್ಯನೋರು.

"ಕ್ರೌನ್," ಎಂದರು ಜಯಪ್ಪ.

"ಕಿರೀಟವಾ?" ಅಯ್ಯನೋರು ಹುಡುಗಿಯ ತಲೆ ನೋಡಿದರು, ಚಕ್ರ ನೋಡಿದರು. "ಸ್ವಲ್ಪ ಭಾರ ಆಗಲ್ವಾ?"

"ಲಾರಿಗೆ ಅಯ್ಯನೋರೆ. ಹೊಸದು. ಕಂಪನಿಯಿಂದ ನಾನೇ ಹೋಗಿ ತಂದೆ," ಎಂದು ಜಯಪ್ಪನವರು ಏದುಸಿರಿನ ನಡುವೆ ಹೇಳಿದರು. "ಬೇಗ ಮಂತ್ರ ಹೇಳಿ, ಕೈ ಬಿದ್ದು ಹೋಗ್ತಾ ಇದೆ."

ಪರಮೇಶಪ್ಪನವರು ಮುಂದೆ ಬಂದು ತಟ್ಟೆಯ ಇನ್ನೊಂದು ಬದಿ ಹಿಡಿದರು. ಒಬ್ಬರಿಗೇ ಹೊರುವ ಭಾರವಲ್ಲ ಅದು. ಅಯ್ಯನೋರು ಯಾವ ಶ್ಲೋಕ ಹೊಂದುತ್ತದೋ ಎಂದು ಯೋಚಿಸಿ, ಎಲ್ಲದಕ್ಕೂ ಹೊಂದುವಂಥದ್ದೊಂದು ಹೇಳಿ, ಹುಡುಗ ಹುಡುಗಿಯ ಮೇಲೂ ಚಕ್ರದ ಮೇಲೂ ಸಮನಾಗಿ ಅಕ್ಷತೆ ಹಾಕಿದರು. ಹೂವು ಹಲ್ಲುಗಳ ಸಂದಿಗೆ ಸಿಕ್ಕಿಕೊಂಡಿತು. ಫೋಟೋದವನು "ಸಾರ್, ಸ್ವಲ್ಪ ಈ ಕಡೆ" ಎಂದ. ಬೀಗರಿಬ್ಬರೂ ಚಕ್ರವನ್ನು ತಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಎದೆಗೆ ಆನಿಸಿಕೊಂಡು ತಿರುಗಿದರು.

ಆ ಫೋಟೋ ಈಗಲೂ ಎರಡೂ ಮನೆಗಳ ಗೋಡೆಯ ಮೇಲಿದೆ. ಹೊಸ ಬಿಳಿ ಅಂಗಿಗಳ ಎದೆಗೆ ಎಣ್ಣೆಯ ಕಲೆ ಮಾಡಿಕೊಂಡು ಇಬ್ಬರು ಯಜಮಾನರು ಹಲ್ಲು ಬಿಟ್ಟು ನಿಂತಿದ್ದಾರೆ. ಹುಡುಗ ಹುಡುಗಿ ಎಲ್ಲಿ ಎಂದು ಬಂದವರು ಕೇಳುತ್ತಾರೆ. ಶಕುಂತಲಮ್ಮ ಹತ್ತಿರ ಕರೆದು, ಆ ಚಕ್ರದ ನಡುವಿನ ದೊಡ್ಡ ತೂತಿನ ಆಚೆಗೆ ಬೆರಳಿಟ್ಟು ತೋರಿಸುತ್ತಾರೆ. ಸರಿಯಾಗಿ ನೋಡಿದರೆ ಅಲ್ಲಿ ಅಮೃತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವುದು ಕಾಣುತ್ತದೆ.